ನೀಲವ್ವ ಹೇಳಿದ್ದು, ದಿಲ್ಲಿ ಕೇಳಿದ್ದು

ಪತ್ರಿಕೋದ್ಯಮ ಓದಿದ ಹುಡುಗ ಹುಡುಗಿಯರು ಒಮ್ಮೊಮ್ಮೆ ಗೋಕಾಕದ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ‘ಕಾಕಾ, ತಾಲೂಕು ವರದಿಗಾರನ ಕೆಲಸ ಹೆಂಗಿರತೈತ್ರಿ?’ ಎಂದು ಕೇಳುತ್ತಾರೆ. ಅಪಘಾತ, ಕಬ್ಬಿನ ದರ, ಹಿಡಕಲ್ ಡ್ಯಾಮಿನ ನೀರಿನ ಮಟ್ಟ, ಇವೆಲ್ಲ ತಾನಾಗಿಯೇ ರೂಢಿಯಾಗುತ್ತವೆ. ಕಲಿಯಲು ಕಷ್ಟವಾದದ್ದು ಒಂದೇ. ದಿಲ್ಲಿಯಲ್ಲಿ ದೊಡ್ಡ ನಾಯಕರೊಬ್ಬರು ಕುರ್ಚಿಯಿಂದ ಇಳಿದರೆಂದು ಬೆಳಿಗ್ಗೆ ರೇಡಿಯೋ ಹೇಳುತ್ತದೆ. ನೀವು ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವರ ಇಡೀ ಆಳ್ವಿಕೆಯನ್ನು ತೂಗಿ ನೋಡಿ, ಸಂಜೆಯೊಳಗೆ ಬೆಳಗಾವಿಯ ಕಚೇರಿಗೆ ಕಳಿಸಬೇಕು. ಇತಿಹಾಸಕಾರರಿಗೆ ಇದಕ್ಕೆ ಅರ್ಧ ಆಯುಷ್ಯ ಬೇಕಾಗುತ್ತದಂತೆ. ನಮಗೆ ಸಂಜೆಯ ಬಸ್ಸು ಹೊರಡುವ ತನಕ ಸಮಯವಿರುತ್ತಿತ್ತು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ಸಂಪಾದಕರು ದೇಶಪಾಂಡೆ ಸಾಹೇಬರು. ಬಿಳಿ ಅಂಗಿ, ಬಿಳಿ ಧೋತರ, ಅದಕ್ಕೂ ಬಿಳಿಯಾದ ಮನಸ್ಸು ಎಂದು ಅವರೇ ಹೇಳುತ್ತಿದ್ದರು. ಮೊದಲ ಸಲ ಒಬ್ಬ ನಾಯಕರು ಇಳಿದಾಗ ನಾನು ಹುರುಪಿನಿಂದ ಅವರ ತಪ್ಪುಗಳನ್ನೂ ಸೇರಿಸಿ ಬರೆದು ಒಯ್ದಿದ್ದೆ. ಸಾಹೇಬರು ಓದಿ ಕನ್ನಡಕ ತೆಗೆದರು.

‘ಕುರ್ಚಿ ಬಿಟ್ಟಾಂವ ತಿರುಗಿ ಬರೂದಿಲ್ಲ ಅಂತ ನಿಮಗ ಯಾರು ಹೇಳ್ಯಾರ?’

‘ಯಾರೂ ಹೇಳಿಲ್ರಿ.’

‘ಮತ್ತ? ಹೋಗೋರನ್ನ ಹೊಗಳಬೇಕು. ಬರೋರನ್ನ ಸ್ವಾಗತಿಸಬೇಕು. ನಡುವ ಜಾಗಾ ಉಳದ್ರ ಜಾಹೀರಾತು ಹಾಕಬೇಕು.’

ನನ್ನ ಪತ್ರಿಕೋದ್ಯಮದ ಪದವಿ ಇಷ್ಟೇ. ಉಳಿದದ್ದೆಲ್ಲ ಇದರ ಅಭ್ಯಾಸ.

ಆ ಸಲ ನಾನು ಮಾತಾಡಿಸಿದವರಲ್ಲಿ ಕರದಂಟು ಮಾಡುವ ವ್ಯಾಪಾರಿಯೊಬ್ಬರಿದ್ದರು. ‘ನಾಯಕರು ರಾಜೀನಾಮೆ ಕೊಟ್ರಂತ್ರಿ, ಏನನಸ್ತೈತಿ?’ ಎಂದು ಕೇಳಿದೆ. ಅವರು ಬಾಣಲೆಯಿಂದ ಕಣ್ಣೆತ್ತಲಿಲ್ಲ. ‘ನಾಳಿ ಅಂಗಡಿ ಬಂದ್ ಇರತಾವೇನು?’ ಎಂದು ನನ್ನನ್ನೇ ಕೇಳಿದರು. ‘ವ್ಯಾಪಾರಿ ಹೆಚ್ಚು ಮಾತಾಡಲಿಲ್ಲ’ ಎಂದಷ್ಟೇ ಬರೆದು ಕಳಿಸಿದೆ. ಅಚ್ಚಾಗಿ ಬಂದದ್ದು, ‘ಸುದ್ದಿ ಕೇಳಿ ವ್ಯಾಪಾರಿಯ ಗಂಟಲು ಬಿಗಿಯಿತು, ಕಣ್ಣಲ್ಲಿ ನೀರಾಡಿತು.’ ಮರುದಿನ ಆ ಮನುಷ್ಯ ಪೇಪರು ಹಿಡಿದು ಬಂದರು.

‘ಏನ್ರಿ ಇದು? ಬೆಲ್ಲದ ಹೊಗಿಗೆ ಬಂದ ನೀರ್ರಿ ಅದು. ನಮ್ಮ ಬೀಗರು ಆ ಪಾರ್ಟಿಯವರಲ್ಲ. ಮಗಳ ಸಂಸಾರ ಕೆಡಸ್ತೀರೇನು?’

ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ನನ್ನ ಗಂಟಲು ಬಿಗಿದಿತ್ತು.

ಇನ್ನೊಂದು ಸಲ ಹುಕ್ಕೇರಿಯಲ್ಲಿ ಆದದ್ದನ್ನು ಹೇಳಲೇಬೇಕು. ಆಗ ಬೇರೆ ಒಬ್ಬ ನಾಯಕರು, ವಯಸ್ಸಾದವರು, ಅಧಿಕಾರದಿಂದ ನಿವೃತ್ತರಾದರು. ಹುಕ್ಕೇರಿಯ ಜನ ಒಂದು ಸಣ್ಣ ಗೌರವ ಸಭೆ ಮಾಡುವವರಿದ್ದರು. ಅದರ ಸುದ್ದಿಯನ್ನು, ‘ಅಧಿಕಾರದಿಂದ ಅಗಲಿದ ನಾಯಕನಿಗೆ ಹುಕ್ಕೇರಿಯ ನಮನ’ ಎಂಬ ತಲೆಬರಹದೊಡನೆ, ನಾನು ಫೋನಿನಲ್ಲಿ ಓದಿ ಹೇಳಿದೆ. ಆ ಕಡೆ ಬರೆದುಕೊಂಡ ಉಪಸಂಪಾದಕರಿಗೆ ‘ಅಧಿಕಾರದಿಂದ’ ಎಂಬ ಪದ ಉದ್ದವೆನಿಸಿರಬೇಕು. ತಲೆಬರಹದಲ್ಲಿ ಉಳಿದದ್ದು, ‘ಅಗಲಿದ ನಾಯಕನಿಗೆ ಹುಕ್ಕೇರಿಯ ನಮನ.’

ಬೆಳಿಗ್ಗೆ ನಾನು ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅಂಗಡಿಗಳು ಅರ್ಧ ಬಾಗಿಲು ಹಾಕಿದ್ದವು. ಶಾಲೆಯ ಮಕ್ಕಳು ಪ್ರಾರ್ಥನೆ ಮುಗಿಸಿ, ಮೌನ ಆಚರಿಸಿ, ರಜೆ ಸಿಕ್ಕ ಸಂತೋಷದಲ್ಲಿ ಕುಣಿಯುತ್ತ ಮನೆಗೆ ಹೊರಟಿದ್ದರು. ಚೌಕದಲ್ಲಿ ನಾಯಕರ ಫೋಟೋಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚಿದ್ದರು. ಅವರು ಹೋದದ್ದರಿಂದ ದೇಶ ಬಡವಾಯಿತೆಂದು ಒಬ್ಬರು ಭಾಷಣ ಮಾಡುತ್ತಿದ್ದರು. ವಾರದ ಹಿಂದೆ ಅದೇ ಚೌಕದಲ್ಲಿ, ಅವರು ಇರುವುದರಿಂದ ದೇಶ ಬಡವಾಯಿತೆಂದು ಭಾಷಣ ಮಾಡಿದ್ದವರೂ ಅವರೇ. ನಾನು ಹತ್ತಿರ ಹೋಗಿ ಕಿವಿಯಲ್ಲಿ, ‘ಅವರು ಅರಾಮ ಅದಾರ್ರಿ’ ಎಂದೆ. ಅವರ ಮುಖದಲ್ಲಿ ಮೂಡಿದಂಥ ನಿಜವಾದ ದುಃಖವನ್ನು ನಾನು ಅಂದು ಬೇರೆಲ್ಲೂ ನೋಡಲಿಲ್ಲ.

ನಾಯಕರು ಬದುಕಿದ್ದಾರೆಂದು ತಿಳಿಸುವ ತಿದ್ದುಪಡಿ ಮರುದಿನ ಒಳಪುಟದ ಮೂಲೆಯಲ್ಲಿ ಬಂತು. ಅದರ ಕೊನೆಯ ಸಾಲು, ‘ಇದಕ್ಕಾಗಿ ವಿಷಾದಿಸುತ್ತೇವೆ.’

ಇದೆಲ್ಲ ನಕ್ಕು ಮರೆಯುವಂಥದ್ದು. ನೀಲವ್ವನದು ಹಾಗಲ್ಲ. ಅದು ನಡೆದದ್ದು ನಾನು ನಿವೃತ್ತನಾಗುವ ಹೊತ್ತಿಗೆ, ಬಹಳ ವರ್ಷ ದೇಶ ಆಳಿದ ಮತ್ತೊಬ್ಬ ನಾಯಕರು ಕೆಳಗಿಳಿದಾಗ. ಅದಕ್ಕೂ ಕೆಲವು ವರ್ಷ ಹಿಂದಿನಿಂದ ಹೇಳಬೇಕು.

ಆ ನಾಯಕರು ಅಧಿಕಾರದಲ್ಲಿದ್ದಾಗ ಒಮ್ಮೆ ಮೂಡಲಗಿಗೆ ಭಾಷಣಕ್ಕೆ ಬಂದಿದ್ದರು. ಬರುವ ದಾರಿಯಲ್ಲಿ ರೈತರ ಹೊಲದಲ್ಲಿ ಇಳಿದು ಮಜ್ಜಿಗೆ ಕುಡಿದರೆ ಚೆನ್ನ ಎಂದು ಯಾರಿಗೋ ಹೊಳೆಯಿತು. ಅದಕ್ಕಾಗಿ ಮೆರವಣಿಗೆಯನ್ನು ಮಮದಾಪುರದ ಕಡೆ ಸುತ್ತು ಹಾಕಿಸಿದರು. ಅನಿರೀಕ್ಷಿತ ಭೇಟಿಯಾದ್ದರಿಂದ ಹಿಂದಿನ ದಿನವೇ ಪೊಲೀಸರು ಬಂದು ಹೊಲ, ಮಜ್ಜಿಗೆ, ಮಜ್ಜಿಗೆ ಕೊಡುವ ಹೆಣ್ಣುಮಗಳು, ಮೂರನ್ನೂ ನೋಡಿ ಹೋಗಿದ್ದರು.

ಆ ಹೆಣ್ಣುಮಗಳು ನೀಲವ್ವ. ಗಂಡ ಬಾಳಪ್ಪ. ಕಬ್ಬು, ಅರಿಷಿಣ, ಎರಡು ಎಮ್ಮೆ, ತೋಟದಲ್ಲೇ ಮನೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ನಾಲಿಗೆ ಮೇಲೆ ಯಾರ ಹೆದರಿಕೆಯೂ ಇಲ್ಲ. ಅವರಿಗಿದ್ದ ಕೊರತೆ ಒಂದೇ. ತೋಟದ ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಹಳ್ಳದಲ್ಲಿ ನಡೆದೇ ಹೋಗಬಹುದು. ಮಳೆಗಾಲದಲ್ಲಿ ನೀರು ಕೆಂಪಗೆ ಏರಿದರೆ ಆ ಕಡೆಯ ಮನೆಗಳೆಲ್ಲ ಇಳಿಯುವ ತನಕ ಕಾಯಬೇಕು.

ನಾಯಕರು ಬಂದರು. ಪತ್ರಕರ್ತರನ್ನು ಹಗ್ಗದಾಚೆ ದೂರ ನಿಲ್ಲಿಸಿದ್ದರು. ನಮಗೆ ಚಿತ್ರ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನೀಲವ್ವ ಮಜ್ಜಿಗೆ ಕೊಟ್ಟಳು. ಆಮೇಲೆ ಸೆರಗು ಸರಿಮಾಡಿಕೊಂಡು, ಹಳ್ಳದ ಕಡೆ ಕೈ ಚಾಚಿ, ಬಹಳ ಹೊತ್ತು ಏನೋ ಹೇಳಿದಳು. ಪಕ್ಕದಲ್ಲಿ ನಿಂತಿದ್ದ ಮಹಾಂತೇಶ ಅದನ್ನು ಹಿಂದಿಯಲ್ಲಿ ನಾಯಕರಿಗೆ ಹೇಳಿದ. ಈ ಮಹಾಂತೇಶ ಮೂಡಲಗಿಯ ಕಾರ್ಯಕರ್ತ. ಹಿಂದಿ ಬರುತ್ತದೆಂಬ ಕಾರಣಕ್ಕೆ ಆ ದಿನ ಮುಂದೆ ನಿಂತು, ಮುಂದೆ ನಿಂತಿದ್ದನೆಂಬ ಕಾರಣಕ್ಕೆ ಮುಂದೆ ಪಕ್ಷದ ತಾಲೂಕು ಅಧ್ಯಕ್ಷನಾದವನು. ಅವನ ಮಾತು ಕೇಳಿದ್ದೇ ನಾಯಕರು ಬಾಗಿ ನೀಲವ್ವನ ಪಾದ ಮುಟ್ಟಿದರು. ಕ್ಯಾಮರಾಗಳು ಹುಚ್ಚೆದ್ದವು.

ಆ ಫೋಟೋ ದೇಶದ ತುಂಬ ಓಡಾಡಿತು. ನೀಲವ್ವ ಕಾಣದ ಊರುಗಳ ಗೋಡೆಗಳ ಮೇಲೆಲ್ಲ ನೀಲವ್ವ ಕಂಡಳು. ಕೆಲವು ತಿಂಗಳಲ್ಲಿ ಅಧಿಕಾರಿಗಳು ಸಿಮೆಂಟು, ಜಲ್ಲಿ ತಂದರು. ನೀಲವ್ವನಿಗೆ ಸಂತೋಷವಾಯಿತು. ಆದರೆ ಅವರು ಹಳ್ಳದ ಹತ್ತಿರ ಹೋಗಲಿಲ್ಲ. ನಾಯಕರು ಮಜ್ಜಿಗೆ ಕುಡಿದ ಜಾಗದಲ್ಲಿ ನಾಲ್ಕು ಕಂಬ ನಿಲ್ಲಿಸಿ, ಚಾವಣಿ ಹಾಕಿ, ‘ಮಜ್ಜಿಗೆ ಮಂಟಪ’ ಎಂದು ಕಲ್ಲು ನೆಟ್ಟು ಹೋದರು. ನೀಲವ್ವ ಅದರಲ್ಲಿ ಮೆಣಸಿನಕಾಯಿ ಒಣಹಾಕತೊಡಗಿದಳು. ನಾಯಕರ ಯೋಜನೆಗಳಲ್ಲಿ ಇಷ್ಟು ಚೆನ್ನಾಗಿ ಉಪಯೋಗಕ್ಕೆ ಬಂದದ್ದು ಬೇರೊಂದನ್ನು ನಾನು ನೋಡಿಲ್ಲ.

ಮುಂದಿನ ಮಳೆಗಾಲದಲ್ಲಿ ಬಾಳಪ್ಪನಿಗೆ ಒಂದು ಮಧ್ಯಾಹ್ನ ಎದೆನೋವು ಬಂತು. ಹಳ್ಳ ತುಂಬಿ ಹರಿಯುತ್ತಿತ್ತು. ಗೋಕಾಕದಿಂದ ಬಂದ ಆಂಬುಲೆನ್ಸು ಆ ದಂಡೆಯಲ್ಲಿ, ಹೊರಸಿನ ಮೇಲೆ ಬಾಳಪ್ಪ ಈ ದಂಡೆಯಲ್ಲಿ. ನೀಲವ್ವ ನೀರಿಗಿಳಿಯಲು ಹೋದಳಂತೆ, ಜನ ಹಿಡಿದು ನಿಲ್ಲಿಸಿದರಂತೆ. ಬೇರೆ ದಾರಿ ಕಾಣದೆ, ಹೊಲದ ಬದುವಿನ ಮೇಲೆ ಬಹು ದೂರದ ಸುತ್ತು ಹೊಡೆದು ಹೊತ್ತೊಯ್ಯುವಾಗ ದಾರಿಯಲ್ಲೇ ಅವನ ಜೀವ ಹೋಯಿತು.

ಅವತ್ತಿನಿಂದ ನೀಲವ್ವ ನಾಯಕರನ್ನು ಬಯ್ಯತೊಡಗಿದಳು. ಪ್ರತಿದಿನ, ಎಮ್ಮೆ ಹಿಂಡುತ್ತ, ಕಸ ಹೊಡೆಯುತ್ತ.

ಇಷ್ಟಾಗಿ ಕೆಲವು ವರ್ಷಕ್ಕೆ ನಾಯಕರು ಕೆಳಗಿಳಿದರು. ಅಷ್ಟರಲ್ಲಿ ನಮ್ಮ ವೃತ್ತಿ ಪೂರ್ತಿ ಬದಲಾಗಿತ್ತು. ದೇಶಪಾಂಡೆ ಸಾಹೇಬರು ತೀರಿಕೊಂಡಿದ್ದರು. ಬಸ್ಸಿನಲ್ಲಿ ಕವರು ಕಳಿಸುವುದು, ಫೋನಿನಲ್ಲಿ ಕೂಗಿ ಓದುವುದು ಎಲ್ಲ ಹೋಗಿ, ಎಲ್ಲವೂ ಮೊಬೈಲಿನಲ್ಲೇ ಆಗುತ್ತಿತ್ತು. ಹಿಂದೆ ನಾವು ಜನರ ಮಾತನ್ನು ತಿರುಚುವುದಕ್ಕೆ ಒಂದು ದಿನ ಹಿಡಿಯುತ್ತಿತ್ತು. ಈಗ ಅವರು ಮಾತಾಡುತ್ತಿರುವಾಗಲೇ ಆಗಿಬಿಡುತ್ತದೆ. ಕಚೇರಿಯಿಂದ ಶ್ವೇತಾ ಎಂಬ ಹೊಸ ಹುಡುಗಿಯನ್ನು ಕಳಿಸಿದರು. ಅವಳಿಗೆ ಸಿಕ್ಕ ಅಪ್ಪಣೆ, ‘ಫೋಟೋದ ಅಜ್ಜಿ ನಾಯಕರಿಗೆ ಕೃತಜ್ಞತೆ ಹೇಳುವ ವಿಡಿಯೋ, ಒಂದು ನಿಮಿಷ ಮೀರಬಾರದು.’ ಅಜ್ಜಿಗೆ ಕೃತಜ್ಞತೆ ಇದೆಯೋ ಇಲ್ಲವೋ ಎಂದು ಯಾರೂ ವಿಚಾರಿಸಿರಲಿಲ್ಲ.

ನಾವು ಹೋದಾಗ ನೀಲವ್ವ ಅಂಗಳದಲ್ಲಿ ಕೂತಿದ್ದಳು. ಸೊಸೆ ಸವಿತಾ ನೀರು ತಂದುಕೊಟ್ಟಳು. ಸವಿತಾ ಸಾಂಗ್ಲಿ ಕಡೆಯವಳು, ಮರಾಠಿ ಹಿಂದಿ ಎರಡೂ ಬಲ್ಲವಳು. ಮದುವೆಯಾಗಿ ಈ ಮನೆಗೆ ಬಂದದ್ದು ಬಾಳಪ್ಪ ಹೋದ ಮೇಲೆ.

‘ಅವ್ವಾರ, ನಾಯಕರು ಅಧಿಕಾರ ಬಿಟ್ರು. ಅವರು ಹೆಂಗಿದ್ರು, ಒಂದ ಮಾತಿನ್ಯಾಗ ಹೇಳ್ರಿ’ ಎಂದಳು ಶ್ವೇತಾ.

‘ಒಂದ ಮಾತಿನ್ಯಾಗ?’ ನೀಲವ್ವ ಎಲೆ ಅಡಿಕೆ ಪಕ್ಕಕ್ಕಿಟ್ಟಳು. ‘ನನ್ನ ಗಂಡನ್ನ ತಿಂದಾಂವ. ಸಾಕೇನು?’

ಶ್ವೇತಾ ನನ್ನ ಮುಖ ನೋಡಿದಳು. ಮುದುಕಿಯನ್ನು ಹೇಗಾದರೂ ಮೆತ್ತಗೆ ಮಾಡಬೇಕಲ್ಲ. ಹುಡುಗಿ ಬುದ್ಧಿವಂತೆ. ನಾಯಕರ ಜೊತೆಗೇ ಬಂದಿದ್ದ ಟಿವಿಯವರು ಅಂದು ಹತ್ತಿರದಿಂದ ತೆಗೆದು, ಪೂರ್ತಿ ತೋರಿಸದೆ ಬಿಟ್ಟಿದ್ದ ವಿಡಿಯೋ ತುಣುಕನ್ನು ಹುಡುಕಿ, ಅವಸರದಲ್ಲಿ ಮಾತು ಕೇಳದೆ ಚಿತ್ರವಷ್ಟೇ ನೋಡಿ ತಂದಿದ್ದಳು. ‘ನೋಡ್ರಿ ಅವ್ವಾರ, ಎಷ್ಟ ಚಂದ ಬಂದೀರಿ ನೀವು’ ಎಂದು ಮೊಬೈಲು ಹಿಡಿದಳು.

ನೀಲವ್ವ ನೋಡಿದಳು. ಅದರಲ್ಲಿ ಬಾಳಪ್ಪನೂ ಇದ್ದ. ಹಿಂದೆ, ತಲೆಗೆ ಪಟಗ ಸುತ್ತಿಕೊಂಡು, ನಗುತ್ತ ನಿಂತಿದ್ದ. ಅವನನ್ನು ಕಂಡು ಅವಳು ಮೊಬೈಲನ್ನು ಹತ್ತಿರ ಎಳೆದುಕೊಂಡಳು. ಮೊಬೈಲಿನಲ್ಲಿ ನೀಲವ್ವನ ದನಿ ಸ್ಪಷ್ಟವಾಗಿತ್ತು. ‘ಸಾಹೇಬ್ರ, ನಮಗ ಬ್ಯಾರೆ ಏನೂ ಬ್ಯಾಡ್ರಿ. ಈ ಹಳ್ಳಕ್ಕ ಒಂದು ಸೇತುವಿ ಮಾಡಿಸಿ ಕೊಡ್ರಿ. ಮಳಿಗಾಲದಾಗ ಹಸುಗೂಸಿಗೆ ಜ್ವರ ಬಂದ್ರೂ ದಾಟಾಕ ಬರೂದಿಲ್ಲ. ಬಸುರಿ ಹೆಣ್ಮಕ್ಕಳನ್ನ ತಿಂಗಳ ಮೊದಲ ತವರಿಗೆ ಕಳಸ್ತೀವಿ. ಆ ದಂಡಿಗೆ ಬಂದ ಡಾಕ್ಟರು ನಿಂತ ನೋಡಿ ಹೋಗ್ತಾರ...’ ಹೀಗೇ ಬಹಳ ಹೊತ್ತು. ಆಮೇಲೆ ಮಹಾಂತೇಶನ ಹಿಂದಿ, ಒಂದೇ ಉಸಿರಿನಲ್ಲಿ. ಆಮೇಲೆ ಪಾದಸ್ಪರ್ಶ.

ನೀರಿನ ತಂಬಿಗೆ ಹಿಡಿದು ನಿಂತಿದ್ದ ಸವಿತಾ, ‘ಅತ್ತೀ’ ಎಂದಳು. ‘ಇಂವ ಇದನ್ನ ಹೇಳೇ ಇಲ್ಲ.’

‘ಯಾವುದನ್ನ?’

‘ಸೇತುವಿದು. ಈ ತಾಯಿ ನಿಮ್ಮನ್ನ ಮಗ ಅಂತ ಹರಸಾಕತ್ತಾಳ, ನಿಮ್ಮ ರಾಜ್ಯದಾಗ ಎಲ್ಲಾ ಸುಖ ಐತಿ ಅಂತಾಳ, ಅಂದಾನ. ಅಷ್ಟ.’

ನೀಲವ್ವ, ‘ಇನ್ನೊಮ್ಮೆ ಹಚ್ಚು’ ಎಂದಳು. ಶ್ವೇತಾ ಹಚ್ಚಿದಳು. ಮತ್ತೊಮ್ಮೆ ಎಂದಳು. ಮತ್ತೊಮ್ಮೆ ಹಚ್ಚಿದಳು. ಅದು ಮುಗಿದ ಮೇಲೆ ನೀಲವ್ವ ಹಳ್ಳದ ಕಡೆ ನೋಡುತ್ತ ಕೇಳಿದಳು:

‘ಹಂಗಾರ ಇಷ್ಟ ವರ್ಷ ನಾ ಬೈದಿದ್ದು ಯಾರಿಗೆ?’

ಜನರ ಅಭಿಪ್ರಾಯ ಕೇಳುತ್ತ ಆಯುಷ್ಯ ಕಳೆದವನಿಗೆ ಒಬ್ಬರು ತಿರುಗಿ ಕೇಳಿದ ನಿಜವಾದ ಪ್ರಶ್ನೆ ಅದೊಂದೇ.

ಮರುದಿನ ಮೂಡಲಗಿಯಲ್ಲಿ ನಾಯಕರ ಸೇವೆ ಸ್ಮರಿಸುವ ಸಭೆ ಇತ್ತು. ಅಧ್ಯಕ್ಷತೆ ಮಹಾಂತೇಶನದು. ಫೋಟೋದ ಅಜ್ಜಿಗೆ ವೇದಿಕೆ ಮೇಲೆ ಕುರ್ಚಿ ಹಾಕುತ್ತೇವೆಂದು ಕರೆಯ ಮೇಲೆ ಕರೆ ಬಂದಿದ್ದವು. ನೀಲವ್ವ ಬರುವುದಿಲ್ಲವೆಂದು ಬೈದು ಕಳಿಸಿದ್ದಳು. ಈಗ, ‘ಬರ್ತಾಳಂತ ಹೇಳ್ರಿ’ ಎಂದಳು.

ಸಭಾಭವನ ತುಂಬಿತ್ತು. ಒಬ್ಬರಾದ ಮೇಲೆ ಒಬ್ಬರು ನಾಯಕರನ್ನು ತೂಗಿದರು. ಮೂಡಲಗಿ ತಾಲೂಕಾದದ್ದು ಅವರ ಕೃಪೆ ಎಂದರು ಒಬ್ಬರು. ತಾಲೂಕು ಮಾಡುವುದು ದಿಲ್ಲಿಯ ಕೆಲಸವಲ್ಲ ಎಂದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಡಕಲ್ ಡ್ಯಾಮನ್ನೂ ಅವರ ಸಾಧನೆಗೆ ಸೇರಿಸಿದರು ಇನ್ನೊಬ್ಬರು. ಆ ಡ್ಯಾಮು ಪುಣ್ಯವಂತ. ನನ್ನ ಕಾಲದಲ್ಲಿ ಕುರ್ಚಿ ಬಿಟ್ಟ ಎಲ್ಲ ನಾಯಕರೂ ಅದನ್ನು ಒಂದೊಂದು ಸಲ ಕಟ್ಟಿಸಿದ್ದಾರೆ.

ಕೊನೆಗೆ ಮಹಾಂತೇಶ ನೀಲವ್ವನಿಗೆ ಶಾಲು ಹೊದಿಸಿ, ‘ನಮ್ಮ ದೊಡವ್ವ ಎರಡು ಮಾತಾಡ್ತಾರ’ ಎಂದು ಮೈಕು ಕೊಟ್ಟ. ನೀಲವ್ವ ಶಾಲು ತೆಗೆದು ಕುರ್ಚಿಯ ಮೇಲಿಟ್ಟಳು.

‘ಮಾಂತೇಶಾ, ಆವತ್ತ ನಾ ಅವರಿಗೆ ಏನಂದಿದ್ನಿ?’

ಮಹಾಂತೇಶ ನಕ್ಕ. ‘ಆಶೀರ್ವಾದ ಮಾಡಿದ್ರಿ, ದೊಡವ್ವಾ.’

‘ಆಶೀರ್ವಾದ ಮಾಡಾಕ ಅಷ್ಟ ಹೊತ್ತ ಬೇಕಾಗೂದಿಲ್ಲ. ಹಳ್ಳದ ಕಡೆ ಕೈ ಮಾಡಿ ಏನಂದ್ನಿ?’

ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಏನೋ ಹೇಳಿದ. ನೀಲವ್ವ ಮೈಕನ್ನು ಅವನ ಬಾಯಿಗೆ ಹಿಡಿದಳು. ‘ಮಂದಿಗೆ ಕೇಳವಲ್ದು. ಇದರಾಗ ಹೇಳು.’

‘ಸೇತುವಿ... ಕೇಳಿದ್ರಿ.’

‘ಅವರಿಗೆ ಹೇಳಿದೇನು?’

ಮಹಾಂತೇಶನ ಹಣೆಯಿಂದ ಬೆವರು ಇಳಿಯಿತು. ‘ಅವರಿಗೆ ಅವಸರ ಇತ್ತು, ದೊಡವ್ವಾ. ಅಂಥಾ ದೊಡ್ಡವರು ನಮ್ಮೂರಿಗೆ ಬಂದಾಗ ಹಳ್ಳ, ಕೊಳ್ಳ ಅಂತ ತ್ರಾಸ ಹೇಳಬಾರದು ಅಂತ... ಮಾಡಸೋಣು ಆಮ್ಯಾಲೆ ಅಂತ...’

‘ಆಮ್ಯಾಲೆ ನಿನ್ನ ದೊಡಪ್ಪ ಹಳ್ಳದ ದಂಡ್ಯಾಗ ಹೊರಸಿನ ಮ್ಯಾಲ ಮಲಗಿದ್ದ, ತಮ್ಮಾ.’

ಆಗ ಮುಂದಿನ ಸಾಲಿನಲ್ಲಿದ್ದ ಹಿರಿಯ ಮುಖಂಡರೊಬ್ಬರು ಎದ್ದು ನಿಂತರು. ಅವರಿಗೆ ಈ ದುಃಖದಲ್ಲೂ ಒಂದು ದಾರಿ ಕಂಡಿತ್ತು. ‘ಅಂದ್ರ ನಾಯಕರದು ಏನೂ ತಪ್ಪಿಲ್ಲಂತ ಆತು! ಅವರಿಗೆ ಗೊತ್ತಾಗಿದ್ರ ಮಾಡಸೇ ಮಾಡಸ್ತಿದ್ರು!’ ಎಂದು ಕೂಗಿದರು. ಸಭೆಗೆ ಜೀವ ಬಂತು. ಚಪ್ಪಾಳೆ, ಜಯಕಾರ. ಮಹಾಂತೇಶನೂ ಚಪ್ಪಾಳೆ ತಟ್ಟಿದ, ತನ್ನ ತಪ್ಪಿನಿಂದ ನಾಯಕರು ಉಳಿದರೆಂಬ ಹೆಮ್ಮೆಯಲ್ಲಿ.

ನೀಲವ್ವ ಚಪ್ಪಾಳೆ ಮುಗಿಯುವ ತನಕ ಕಾದಳು.

‘ನಾ ಅಷ್ಟ ಹೊತ್ತ ಮಾತಾಡಿದ್ನಿ. ಕೈ ಮಾಡಿ ಹಳ್ಳ ತೋರಿಸಿದ್ನಿ. ಇಂವ ಒಂದ ಉಸಿರಿನ್ಯಾಗ ಮುಗಿಸಿದ. ಎದುರಿಗೆ ನಿಂತಾವಗ ಅನುಮಾನ ಬರಬೇಕೋ ಬ್ಯಾಡೋ? ಈ ಮುದುಕಿ ಅಷ್ಟ ಹೇಳಿದ್ಲು, ನೀ ಇಷ್ಟ ಹೇಳ್ತೀಯಲ್ಲೋ, ಉಳದದ್ದು ಎಲ್ಲಿ ಹೋತು ಅಂತ ಒಂದ ಸಲ ಕೇಳಬೇಕಿತ್ತು. ದೇಶ ಆಳಿದವರು ಅವರು, ದಡ್ಡರಲ್ಲ. ಎಲ್ಲಾ ಸುಖ ಐತಿ ಅನ್ನೋ ಮಾತು ಕೇಳಾಕ ಚಂದ ಇತ್ತು, ಅದಕ್ಕ ಕೇಳಲಿಲ್ಲ.’

ಅವಳು ಮೈಕನ್ನು ಕೊಡಲು ಹೋಗಿ ಮತ್ತೆ ಹಿಂದೆ ತೆಗೆದುಕೊಂಡಳು.

‘ನನ್ನ ಬೈಗಳದಾಗ ಅರ್ಧ ಮಾಂತೇಶಗ ಕೊಟ್ಟೀನಿ. ಉಳದದ್ದು ಅವರಿಗೇ ಇರ್ಲಿ.’

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನ ಹೆಂಗಸರಷ್ಟೇ ಎದ್ದು ನಿಂತು ದಾರಿ ಬಿಟ್ಟರು. ಸವಿತಾ ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದಳು.

ಆಚೆ ನೆರಳಲ್ಲಿ ನಿಂತು ನಾನೂ ಶ್ವೇತಾಳೂ ವರದಿ ಕಳಿಸಿದೆವು, ನೀಲವ್ವ ಅಂದದ್ದನ್ನು ಅಂದ ಹಾಗೆಯೇ. ಸ್ವಲ್ಪ ಹೊತ್ತಿಗೆ ಕಚೇರಿಯಿಂದ ಫೋನು ಬಂತು. ಅಜ್ಜಿಯ ಮಾತು ಉದ್ದವಾಯಿತು, ಭಾವುಕರಾದರು ಎಂದು ಬರೆದರೆ ಸಾಕು ಎಂದರು. ಶ್ವೇತಾಳ ಮುಖ ಕೆಂಪಾಯಿತು. ‘ಸರ್, ಆ ಮಾಂತೇಶ ಮಾಡಿದ್ದೂ ಇದ ಅಲ್ರಿ?’ ಎಂದು ಕೇಳಿದಳು. ಸುದ್ದಿಯ ಮೇಲಿನ ತನ್ನ ಹೆಸರು ತೆಗೆಯಿರಿ ಎಂದು ಹೇಳಿ ಫೋನಿಟ್ಟಳು. ನಾನು ನನ್ನ ಹೆಸರನ್ನೂ ತೆಗೆಸಿದೆ. ನಿವೃತ್ತಿಯ ಅಂಚಿನಲ್ಲಿದ್ದವನ ಧೈರ್ಯಕ್ಕೆ ಹೆಚ್ಚು ಬೆಲೆ ಕಟ್ಟಬೇಡಿ. ಧೈರ್ಯ ಆ ಹುಡುಗಿಯದು, ಅವಳು ಇನ್ನೂ ಇಡೀ ವೃತ್ತಿ ಮಾಡಬೇಕಿತ್ತು.

ಬೆಳಿಗ್ಗೆ ಪೇಪರಿನಲ್ಲಿ ‘ನಾಯಕರನ್ನು ನೆನೆದು ಭಾವುಕರಾದ ನೀಲವ್ವ’ ಎಂದೇ ಬಂತು. ಆದರೆ ಸಭೆಯಲ್ಲಿದ್ದ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲಿತ್ತು. ಪೇಪರು ಮನೆ ಮುಟ್ಟುವ ಮೊದಲೇ ನೀಲವ್ವನ ಮಾತು ಅಥಣಿ, ರಾಯಬಾಗ ದಾಟಿ ಹೋಗಿತ್ತು. ನಮ್ಮನ್ನು ಯಾರೂ ಕೇಳಲೇ ಇಲ್ಲ. ಹೊಸ ಕಾಲದ ಬಗ್ಗೆ ನಾನು ಎಷ್ಟೇ ಗೊಣಗಿದರೂ ಇದೊಂದಕ್ಕೆ ಕೈ ಮುಗಿಯುತ್ತೇನೆ.

ಹತ್ತಿರದಲ್ಲೇ ಚುನಾವಣೆ ಇತ್ತು. ಹೊರಗೆ ಹೋದಲ್ಲೆಲ್ಲ ಜನ ಮಹಾಂತೇಶನಿಗೆ, ‘ಅಧ್ಯಕ್ಷರ, ಇದನ್ನ ಹಿಂದ್ಯಾಗ ಹೆಂಗ ಹೇಳ್ತಾರ್ರಿ?’ ಎಂದು ಕೇಳತೊಡಗಿದರು. ಪಶ್ಚಾತ್ತಾಪ ಮಾಡಿಸಲಾಗದ ಕೆಲಸವನ್ನು ಜನರ ನಗೆ ಮಾಡಿಸಿತು. ಅವನು ಕಚೇರಿಯಿಂದ ಕಚೇರಿಗೆ ಓಡಾಡಿ ಸೇತುವೆ ಮಂಜೂರು ಮಾಡಿಸಿದ. ನಾನು ನಿವೃತ್ತನಾದ ಮೇಲಿನ ಮೊದಲ ಮಳೆಗಾಲಕ್ಕೆ ಅದು ಸಿದ್ಧವಾಯಿತು. ಕಲ್ಲಿನ ಮೇಲೆ ಕುರ್ಚಿ ಬಿಟ್ಟ ನಾಯಕರ ಹೆಸರು, ‘ಅವರ ರೈತಪ್ರೇಮದ ಸ್ಮರಣಾರ್ಥ’ ಎಂದು. ಈ ದೇಶದಲ್ಲಿ ಕೇಳದೆ ಹೋದದ್ದಕ್ಕೂ ಹೆಸರು ಬರುತ್ತದೆ.

ಉದ್ಘಾಟನೆಯ ದಿನ ನಾನೂ ಹೋಗಿದ್ದೆ. ಅತಿಥಿಗಳು ಎಂದಿನಂತೆ ತಡ. ರಿಬ್ಬನ್ನು ಕಟ್ಟಿತ್ತು, ಬ್ಯಾಂಡಿನವರು ಮಂಟಪದ ನೆರಳಲ್ಲಿ ಕೂತಿದ್ದರು. ಆಗ ನೀಲವ್ವ ತನ್ನ ಎಮ್ಮೆ ಹೊಡೆದುಕೊಂಡು ರಸ್ತೆಯ ಕಡೆಯಿಂದ ಬಂದಳು. ಪೊಲೀಸನೊಬ್ಬ ಅಡ್ಡ ಬಂದ.

‘ಯವ್ವಾ, ಇನ್ನೂ ಉದ್ಘಾಟನೆ ಆಗಿಲ್ಲ.’

‘ನೀವು ಮಾಡಕೊಳ್ರಿ. ನನ್ನ ಎಮ್ಮಿಗೆ ಹಿಂಡೋ ಹೊತ್ತಾಗೇತಿ’ ಎಂದು ರಿಬ್ಬನ್ನು ಎತ್ತಿ ಹಿಡಿದಳು. ಎಮ್ಮೆ ಕೆಳಗಿನಿಂದ ಹಾದುಹೋಯಿತು. ನಾನೂ ಅದರ ಹಿಂದೆ ಬಗ್ಗಿ ಹೋದೆ.

ಸೇತುವೆಯ ನಡುವೆ ಅವಳು ನಿಂತು ಕೆಳಗೆ ನೋಡಿದಳು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಅವಳೇ ಹೇಳಿದಳು:

‘ಇಷ್ಟ ನೋಡು ತಮ್ಮಾ. ನಾಕ ಹೆಜ್ಜಿ ಹಾಕಿದ್ರ ಆ ದಂಡಿ. ಇದು ಆವತ್ತ ಇದ್ದಿದ್ರ, ಈ ಎಮ್ಮಿ ಹಿಂದ ಅಂವ ಬರತಿದ್ದ.’

ಎಮ್ಮೆ ಆಗಲೇ ಆ ಕಡೆ ಮುಟ್ಟಿ ಮನೆಯ ದಾರಿ ಹಿಡಿದಿತ್ತು. ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಅದನ್ನು ಕೂಗುತ್ತ ಅದರ ಹಿಂದೆ ಹೋದಳು. ನಾನು ಸೇತುವೆಯ ಮೇಲೆ ಒಬ್ಬನೇ ನಿಂತಿದ್ದೆ. ಅತಿಥಿಗಳ ಕಾರು ಬಂದಿರಬೇಕು, ಹಿಂದೆ ಬ್ಯಾಂಡು ಶುರುವಾಯಿತು.